ಅಳತೆ ಪುಸ್ತಕದಲ್ಲಿ ಇಲ್ಲದ ಹಳ್ಳ

ವಿಚಿತ್ರ ಅನುಭವ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೊದಲು ಬರುತ್ತಿದ್ದುದು ನಗು. ನಂಬುವುದು ದೂರವೇ ಉಳಿಯಿತು, ಅಂಥ ಅನುಭವಗಳನ್ನು ನಾನೇ ತಯಾರಿಸಿ ಹಂಚಿದ್ದೇನೆ. ಡೊಂಬಿವಲಿಯ ನಮ್ಮ ಚಾಳಿನಲ್ಲಿ ಒಂದು ಕಾಲಕ್ಕೆ ಸಂಜೆಯಾದರೆ ಗೆಜ್ಜೆ ಸದ್ದು ಕೇಳುತ್ತದೆ ಎಂದು ದೊಡ್ಡ ಗುಲ್ಲೆದ್ದಿತ್ತು. ಬೆಕ್ಕಿನ ಕೊರಳಿಗೆ ಗೆಜ್ಜೆ ಕಟ್ಟಿದವಳು ನಾನು. ಯಜಮಾನರಿಗೂ ಹೇಳಿರಲಿಲ್ಲ. ಪಾಪ, ಅವರೇ ಬಾಗಿಲಿಗೆ ಕಟ್ಟಲು ನಿಂಬೆಹಣ್ಣು ತಂದಿದ್ದರು.

ಅಂಥವಳು ಈಗ ಹೇಳಹೊರಟದ್ದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿ ಎರಡು ತಿಂಗಳಾಯಿತು. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಇಷ್ಟು ಕಷ್ಟಪಟ್ಟು ಸುಳ್ಳು ಬರೆಯುವಷ್ಟು ವ್ಯವಧಾನ ನನಗಿಲ್ಲ ಎಂದಷ್ಟೇ ಹೇಳಬಲ್ಲೆ.

ತೊಂಬತ್ತರ ದಶಕದ ಮಾತು. ನಾನು ಠಾಣೆ ಊರಿನಲ್ಲಿ, ರೈಲು ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಜಮೀನು ಅಳೆಯಲು ಹೋದವರು ಅಂಕಿಗಳನ್ನು ಬರೆದು ತಂದ ಪುಸ್ತಕದಿಂದ ನಕ್ಷೆ ಎಳೆಯುವುದು ನನ್ನ ಕೆಲಸ. ಮಾಲೀಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಮರಾಠಿಯವರು, ಅವರ ರೂಢಿಯಂತೆ ನನ್ನನ್ನು ಬಾಯಿ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದರು. ಸಿಟ್ಟಿನವರಲ್ಲ, ಆದರೆ ಅಂಕಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊರಗೆ ಹೋಗಿ ಅಳೆಯುತ್ತಿದ್ದವನು ಬಸವರಾಜ, ಧಾರವಾಡ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನೇ, ನನಗಿಂತ ಎಂಟು ವರ್ಷ ಚಿಕ್ಕವನು. ಪಕ್ಕದ ಕಳವಾ ಎಂಬ ಊರಿನಲ್ಲಿ ಒಂದು ಕೋಣೆ ಹಿಡಿದು ಹೆಂಡತಿ ಮಗುವಿನೊಂದಿಗೆ ಇದ್ದ. ನಾನು ಅವನನ್ನು ಬಸಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಅತ್ತಿಗೆ ಎಂಬಂತೆ ವೈನಿ ಎನ್ನುತ್ತಿದ್ದ.

ಗುಡ್ಡದ ನಕ್ಷೆಯಲ್ಲಿ ಸುತ್ತಿ ಸುತ್ತಿ ಹೋಗುವ ಗೆರೆಗಳನ್ನು ನೀವು ಶಾಲೆಯ ಭೂಗೋಳದಲ್ಲಿ ನೋಡಿರುತ್ತೀರಿ. ನಾವು ಅದಕ್ಕೆ ಕಾಂಟೂರ್ ಎನ್ನುತ್ತಿದ್ದೆವು. ಅರ್ಥವಾಗದವರಿಗೆ ನಾನು ಆಲೂಗಡ್ಡೆಯ ಲೆಕ್ಕ ಹೇಳುತ್ತಿದ್ದೆ. ಪಾತ್ರೆಯಲ್ಲಿ ಒಂದು ಸೊಟ್ಟ ಆಲೂಗಡ್ಡೆ ಇಡಿ. ಒಂದು ಬೆರಳು ನೀರು ಹಾಕಿ, ನೀರು ಆಲೂಗಡ್ಡೆಗೆ ತಾಗಿದಲ್ಲೆಲ್ಲ ಸುತ್ತ ಪೆನ್ನಿನಿಂದ ಗೆರೆ ಹಾಕಿ. ಇನ್ನೊಂದು ಬೆರಳು ನೀರು, ಇನ್ನೊಂದು ಗೆರೆ. ಈಗ ಮೇಲಿನಿಂದ ಬಗ್ಗಿ ನೋಡಿದರೆ ಕಾಣುವುದೇ ಕಾಂಟೂರ್. ಒಂದು ಗೆರೆಯ ಮೇಲಿನ ಜಾಗವೆಲ್ಲ ಒಂದೇ ಎತ್ತರ. ಗೆರೆಗಳು ಒತ್ತಿಕೊಂಡಿದ್ದರೆ ಕಡಿದಾದ ಇಳಿಜಾರು, ದೂರದೂರ ಇದ್ದರೆ ಸಪಾಟು.

ಭೂಮಿಗೆ ನೀರು ಹಾಕಿ ನೋಡಲು ಆಗುವುದಿಲ್ಲವಲ್ಲ. ಆದ್ದರಿಂದ ಬಸಣ್ಣ ಇಪ್ಪತ್ತು ಮೀಟರಿಗೆ ಒಂದರಂತೆ ಚೌಕಟ್ಟು ಮಾಡಿ, ಪ್ರತಿ ಮೂಲೆಯ ಎತ್ತರ ಅಳೆದು ಪುಸ್ತಕದಲ್ಲಿ ಬರೆದು ತರುತ್ತಿದ್ದ. ನಾನು ಅದೇ ಚೌಕಗಳನ್ನು ಹಾಳೆಯ ಮೇಲೆ ನಾಲ್ಕು ಸೆಂಟಿಮೀಟರಿನದಾಗಿ ಹಾಕಿ, ಮೂಲೆಗಳಲ್ಲಿ ಅಂಕಿ ಬರೆಯುತ್ತಿದ್ದೆ. ಒಂದು ಮೂಲೆಯಲ್ಲಿ ನಲವತ್ತೆರಡು ಪಾಯಿಂಟ್ ಮೂರು, ಪಕ್ಕದ ಮೂಲೆಯಲ್ಲಿ ನಲವತ್ಮೂರು ಪಾಯಿಂಟ್ ಆರು ಇದ್ದರೆ ನಲವತ್ಮೂರರ ಗೆರೆ ನಡುವೆ ಎಲ್ಲಿ ಹೋಗಬೇಕು? ಅರ್ಧಕ್ಕಿಂತ ಕೂದಲೆಳೆ ಮುಂದೆ. ಅಲ್ಲೊಂದು ಚುಕ್ಕೆ. ಹೀಗೆ ಚುಕ್ಕೆ ಇಡುತ್ತ ಹೋಗಿ, ಆಮೇಲೆ ಒಂದೇ ಎತ್ತರದ ಚುಕ್ಕೆಗಳನ್ನು ಕೈ ಎತ್ತದೆ ಕೂಡಿಸುವುದು. ಎರಡು ಗೆರೆ ಒಂದನ್ನೊಂದು ದಾಟಬಾರದು. ಗೆರೆ ನಡುದಾರಿಯಲ್ಲಿ ನಿಲ್ಲಬಾರದು. ಹಳ್ಳವಿದ್ದ ಕಡೆ ಗೆರೆಗಳು ಚೂಪಾಗಿ ಗುಡ್ಡದ ಮೇಲ್ಮುಖಕ್ಕೆ ತಿರುಗಿ, ಹಳ್ಳ ದಾಟಿ, ಮತ್ತೆ ಹಿಂದೆ ಬರುತ್ತವೆ. ಮತ್ತು ಎಲ್ಲಕ್ಕಿಂತ ದೊಡ್ಡ ನಿಯಮ ಸಾಹೇಬರದ್ದು: ಪುಸ್ತಕದಲ್ಲಿ ಇಲ್ಲದ್ದು ಹಾಳೆಯ ಮೇಲೆ ಬರಬಾರದು.

ಹದಿನಾಲ್ಕು ವರ್ಷ ನಾನು ಆ ನಿಯಮ ಮೀರಿರಲಿಲ್ಲ.

ಆ ವರ್ಷ ಮೇ ತಿಂಗಳ ಕೊನೆಗೆ ಖಾರಘರ ಕಡೆಯ ಒಂದು ಗುಡ್ಡದ ಬುಡದ ಕೆಲಸ ಬಂತು. ಆಗ ಖಾರಘರ ಎಂದರೆ ಗುಡ್ಡ, ಒಣಗಿದ ಹುಲ್ಲು, ಕಲ್ಲು ಒಡೆದು ತೆಗೆಯುವ ಖಾಣಿಗಳು. ಅಲ್ಲಿ ಕಟ್ಟಡಗಳು ಏಳಬೇಕಿತ್ತು. ಮಳೆಗೆ ಮುಂಚೆ ಕೂಲಿಯವರ ಜೋಪಡಿಗೂ ಸಿಮೆಂಟ್ ಗೋದಾಮಿಗೂ ಸಪಾಟು ಜಾಗ ಗೊತ್ತುಮಾಡಲು ನಕ್ಷೆ ಅವಸರವಾಗಿ ಬೇಕಾಗಿತ್ತು. ಬಸಣ್ಣ ಪುಸ್ತಕ ತಂದುಕೊಟ್ಟ. ನಾನು ಮಧ್ಯಾಹ್ನ ಡಬ್ಬಿ ಮುಗಿಸಿ ಕೂತೆ.

ನಲವತ್ತರ ಗೆರೆ ಮುಗಿಯಿತು. ನಲವತ್ತೊಂದು ಎಳೆಯುತ್ತಿದ್ದೆ. ಹಾಳೆಯ ನಡುವಿಗೆ ಬಂದಾಗ ಎದುರಿಗಿದ್ದ ಎರಡು ಚುಕ್ಕೆಗಳೂ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿದ್ದವು. ಪೆನ್ಸಿಲ್ ನೇರವಾಗಿ ಹೋಗಬೇಕು. ಹೋಗಲಿಲ್ಲ. ಮೊದಲ ಚುಕ್ಕೆ ದಾಟಿ ಒಂದು ಸೆಂಟಿಮೀಟರ್ ಹೋಗಿ, ಮೇಲಕ್ಕೆ ತಿರುಗಿ, ಬೆರಳಿನ ಒಂದು ಗೆಣ್ಣಿನಷ್ಟು ಚೂಪಾಗಿ ಹತ್ತಿ, ಇಳಿದು ಬಂದು ಎರಡನೇ ಚುಕ್ಕೆಗೆ ಸೇರಿತು. ಊಟದ ನಂತರದ ತೂಕಡಿಕೆ ಎಂದುಕೊಂಡೆ. ಮುಂದಿನ ಗೆರೆ ಎಳೆದೆ. ಅದೂ ಅಲ್ಲೇ ತಿರುಗಿತು. ಅದರ ಮುಂದಿನದೂ. ಆರು ಗೆರೆಗಳಾದ ಮೇಲೆ ಬೆನ್ನು ನೇರ ಮಾಡಿ ನೋಡಿದರೆ ಹಾಳೆಯ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಹಳ್ಳ ಇತ್ತು. ಅಂಥ ಚಂದದ ಹಳ್ಳ ನಾನು ಎಂದೂ ಎಳೆದಿರಲಿಲ್ಲ. ಪುಸ್ತಕ ತೆಗೆದು ಮೂರು ಸಲ ನೋಡಿದೆ. ಹಳ್ಳ ಇರಲಿಲ್ಲ.

ಅಷ್ಟರಲ್ಲಿ ಸಾಹೇಬರು ಬೆನ್ನ ಹಿಂದೆ ಬಂದು ನಿಂತಿದ್ದರು.

“ಕಾಯ್ ಹೋ ಬಾಯಿ, ಇದು ಯಾವ ಲೆವೆಲ್ಲು?”

“ಕೈ ಜಾರಿತು ಸಾಹೇಬ್.”

“ಆರು ಸಲ ಜಾರಿತಾ?” ಎಂದರು. ನಕ್ಕು ಹೋದರು.

ನಾನು ರಬ್ಬರಿನಿಂದ ಒರೆಸಲಿಲ್ಲ. ಹೊಸ ಹಾಳೆ ಹಾಕಿದೆ, ಚೌಕ ಹಾಕಿದೆ, ಚುಕ್ಕೆ ಇಟ್ಟೆ. ಈ ಸಲ ಹಾಳೆಯನ್ನು ತಲೆಕೆಳಗು ಮಾಡಿ ಆ ಬದಿಯಿಂದ ಶುರು ಮಾಡಿದೆ. ಕೈಗೆ ರೂಢಿ ತಪ್ಪಿಸುವುದಕ್ಕೆ ನಾವು ಮಾಡುತ್ತಿದ್ದ ಉಪಾಯ ಅದು. ನಡುವಿಗೆ ಬರುತ್ತಲೇ ಉಸಿರು ಬಿಗಿಹಿಡಿದು ಪೆನ್ಸಿಲನ್ನು ನೇರ ನೂಕಿದೆ. ಅದು ತಿರುಗಿತು. ಯಾರೋ ನನ್ನ ಕೈ ಹಿಡಿದು ಎಳೆದಂತೆ ಆಯಿತು ಎಂದು ಬರೆದರೆ ನಿಮಗೆ ರುಚಿಸೀತು. ಆದರೆ ಹಾಗೇನೂ ಆಗಲಿಲ್ಲ. ಯಾರೂ ಹಿಡಿಯಲಿಲ್ಲ, ಚಳಿ ಹತ್ತಲಿಲ್ಲ. ಗೊತ್ತಿರುವ ಓಣಿಯಲ್ಲಿ ಕಾಲು ತಾನಾಗಿ ತಿರುಗುವುದಿಲ್ಲವೇ, ಅಷ್ಟೇ ಸಹಜವಾಗಿ ಕೈ ತಿರುಗಿತು. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಮರುದಿನ ಮೂರನೇ ಹಾಳೆ. ಅದೂ ಹಾಗೆಯೇ. ಆಫೀಸಿನಲ್ಲಿ ಕೆಳಗೆ ಟ್ಯೂಬ್‌ಲೈಟ್ ಹಾಕಿದ ಒಂದು ಗಾಜಿನ ಮೇಜು ಇತ್ತು, ಹಾಳೆಯ ಮೇಲೆ ಹಾಳೆ ಇಟ್ಟು ನಕಲು ತೆಗೆಯುವುದಕ್ಕೆ. ಮೂರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ದೀಪ ಹಾಕಿದೆ. ಬರಿಗೈಯಲ್ಲಿ ಎಳೆದ ಗೆರೆ ಎರಡನೇ ಸಲ ಒಂದಿಷ್ಟಾದರೂ ಅತ್ತಿತ್ತ ಆಗಲೇಬೇಕು, ಅದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಉಳಿದ ಕಡೆ ಹಾಗೇ ಆಗಿತ್ತು, ಎರಡು ಮೂರು ಗೆರೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಹಳ್ಳದ ಜಾಗದಲ್ಲಿ ಮಾತ್ರ ಒಂದೇ ಗೆರೆ ಕಂಡಿತು. ಮೂರೂ ಒಂದರ ಮೇಲೊಂದು ಕೂತಿದ್ದವು.

ಬಸಣ್ಣನನ್ನು ಕರೆದು ತೋರಿಸಿದೆ. ಅವನ ಮುಖ ಕೆಂಪಗಾಯಿತು. ನಾನು ಅವನ ಅಳತೆಯ ಮೇಲೆ ಅನುಮಾನಪಡುತ್ತಿದ್ದೇನೆ ಎಂದುಕೊಂಡ.

“ವೈನಿ, ಆ ಎರಡ ಪಾಯಿಂಟಿನ ನಡುವ ಕುಂತ ರೊಟ್ಟಿ ತಿಂದೀನಿ ನಾ. ತಾಟ ಇಟ್ಟಂಗ ಸಪಾಟ ಐತಿ. ಹಳ್ಳ ಇದ್ರ ಬೀಳ್ತಿದ್ದಿಲ್ಲೇನು?”

“ಸಿಟ್ಟ ಆಗಬ್ಯಾಡೋ ಮಾರಾಯ. ನೀನ ಎಳಿ ನೋಡೂಣು.”

ಅವನು ಎಳೆದ. ಗೆರೆ ನೇರ ಹೋಯಿತು. ಆರಕ್ಕೆ ಆರೂ ನೇರ. ಅಂದರೆ ತಪ್ಪು ಹಾಳೆಯಲ್ಲೂ ಇರಲಿಲ್ಲ, ಅಂಕಿಯಲ್ಲೂ ಇರಲಿಲ್ಲ. ನನ್ನ ಕೈಯಲ್ಲಿತ್ತು. ಮನೆಯಲ್ಲಿ ಯಜಮಾನರಿಗೆ ಹೇಳಿದಾಗ ಕನ್ನಡಕದ ನಂಬರು ಬದಲಾಗಿರಬೇಕು ಎಂದರು.

ಕೊನೆಗೆ ಬಸಣ್ಣ ಪೆನ್ಸಿಲಿನಲ್ಲಿ ಎಳೆದದ್ದರ ಮೇಲೆ ನಾನು ಶಾಯಿ ಹಾಕಿ ಹಾಳೆ ಮುಗಿಸಿದೆ. ಸಾಹೇಬರು ನೋಡಿ, ಗೆರೆಗಳು ದೂರದೂರ ಇದ್ದ ಜಾಗವನ್ನು ಹುಡುಕಿ, ಅಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಆಯತ ಹಾಕಿದರು. “ಜೋಪಡಿ ಇಲ್ಲಿ,” ಎಂದರು. ನನ್ನ ಹಳ್ಳದ ಮೇಲೆ ಸರಿಯಾಗಿ ಕೂತಿತ್ತು ಆ ಆಯತ.

ಅಲ್ಲಿಯವರೆಗೆ ಇದು ನನ್ನ ಕೈಯ ವಿಷಯವಾಗಿತ್ತು. ಆ ಕೆಂಪು ಗೆರೆ ಬಿದ್ದ ಮೇಲೆ ಅಲ್ಲಿ ಮಲಗುವ ಜನರ ವಿಷಯವಾಯಿತು. ಜೂನ್ ಮೊದಲ ವಾರ ಹತ್ತಿರ ಬಂದಿತ್ತು. ಧೈರ್ಯ ಮಾಡಿ ಸಾಹೇಬರ ಹತ್ತಿರ ಹೋದೆ. ಅಲ್ಲಿ ನೀರು ಬರಬಹುದು ಸಾಹೇಬ್ ಎಂದೆ.

“ಪುಸ್ತಕದಲ್ಲಿ ಇದೆಯಾ?”

“ಇಲ್ಲ.”

“ಹಾಗಾದರೆ ಇಲ್ಲ, ಬಾಯಿ.”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಭಾನುವಾರ ಬಸಣ್ಣನನ್ನು ಕಾಡಿ ಬೇಡಿ ಕರೆದುಕೊಂಡು ಹೊರಟೆ. ಠಾಣೆಯಿಂದ ಬೇಲಾಪುರಕ್ಕೆ ಬಸ್ಸು, ಅಲ್ಲಿಂದ ಕಲ್ಲು ಸಾಗಿಸುವ ಟ್ರಕ್ಕು, ಆಮೇಲೆ ನಡಿಗೆ. ನಾನು ಆ ಜಾಗವನ್ನು ಅದಕ್ಕೆ ಮುಂಚೆ ಕಂಡವಳಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಂದೋ ನೋಡಿ ಮರೆತಿರಬೇಕು ಎಂದು ಆಮೇಲೆ ಬಹಳ ಜನ ಹೇಳಿದ್ದಾರೆ. ಆ ಕಡೆಗೆ ನನಗೆ ನೆಂಟರಿಲ್ಲ, ಕೆಲಸವಿರಲಿಲ್ಲ, ದಾರಿಯೂ ಗೊತ್ತಿರಲಿಲ್ಲ.

ಜಾಗ ಬಸಣ್ಣ ಹೇಳಿದಂತೆಯೇ ಇತ್ತು. ಬೋಳು ನೆಲ, ಮುರುಮು ಎನ್ನುವ ಕೆಂಪು ಗರಸು ಮಣ್ಣು, ತಾಟಿನಂತೆ ಸಪಾಟು. ಹನ್ನೆರಡು ಜೋಪಡಿಗಳು ಆಗಲೇ ಎದ್ದಿದ್ದವು, ಬಿದಿರಿನ ಗಳ, ಮೇಲೆ ಹೊದಿಸಿದ ನೀಲಿ ತಾಡಪತ್ರಿ. ಎಲ್ಲ ಕಲಬುರ್ಗಿ ಕಡೆಯ ಜನ. ಅವರನ್ನು ಕೆಲಸಕ್ಕೆ ತಂದ ಮೇಸ್ತ್ರಿ, ಮುಕಾದಮ, ಅಂದು ಕಲ್ಯಾಣಕ್ಕೆ ಹೋಗಿದ್ದ. ಗಂಡಸರು ನೆರಳಿನಲ್ಲಿ ಇಸ್ಪೀಟು ಆಡುತ್ತಿದ್ದರು. ನಾನು ಆ ನೆಲದ ಮೇಲೆ ಚಪ್ಪಲಿ ಬಿಟ್ಟು ನಿಂತು ನೋಡಿದೆ. ಏನಾದರೂ ತಿಳಿಯುತ್ತದೆ ಎಂದುಕೊಂಡಿದ್ದೆ. ಅಂಗಾಲು ಸುಟ್ಟಿತು, ಅಷ್ಟೇ.

ನನ್ನನ್ನು ನೋಡಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಎದ್ದು ಬಂದಳು. ಹೆಸರು ಶಾಂತವ್ವ. ಆ ಜನಕ್ಕೆಲ್ಲ ಆಕೆಯೇ ಹಿರಿಯಳು. ಅವಳ ಜೋಪಡಿಯೊಳಗೆ ಸೊಸೆ ಬಾಣಂತಿ, ಹೆತ್ತು ಎಂಟು ದಿನ.

“ಯಾರ್ರಿ ಬಾಯಿ? ಬಿಸಿಲಾಗ ಬರಿಗಾಲ್ಲೆ ನಿಂತೀರಿ, ಹರಕಿ ಹೊತ್ತೀರೇನು?”

ನಾನು ಬಿಜಾಪುರದಾಕಿ ಎಂದೆ, ನಕ್ಷೆ ಆಫೀಸಿನಾಕಿ ಎಂದೆ. ನೀರು ಕೊಟ್ಟಳು. ಕುಡಿದು, ಈ ಜಾಗ ಬಿಟ್ಟು ಮೇಲಿನ ಕಲ್ಲಿನ ದಿಬ್ಬಕ್ಕೆ ಹೋಗಿ ಎಂದು ನೇರವಾಗಿ ಹೇಳಿಬಿಟ್ಟೆ. ಶಾಂತವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮ್ಯಾಲ ಬರೇ ಬಂಡಿಗಲ್ಲ ಅದ ಬಾಯಿ. ಗೂಟ ಹೊಡೀಲಾಕ ನೆಲಾ ಎಲ್ಲದ? ಇಲ್ಲಿ ನೋಡ್ರಿ, ಬೆಣ್ಯಾಗ ಹೊಡದಂಗ ಇಳೀತಾವ. ಮತ್ತ ನೀರಿನ ಟ್ಯಾಂಕರ್ ಇಲ್ಲೀತನಾ ಬರ್ತದ. ಬಾಣಂತೀನ ಎತಗೊಂಡು ಆ ಕಲ್ಲ ಮ್ಯಾಲ ಯಾಕ ಕುಂದರ್ಬೇಕು ನಾವು?”

“ಇಲ್ಲಿ ಹಳ್ಳ ಬರ್ತದ.”

“ಯಾರ ಹೇಳ್ದರು?”

ಇಲ್ಲಿ ನಾನು ನನ್ನ ಕಸುಬಿನಲ್ಲಿ ಮಾಡಬಾರದ ಕೆಲಸ ಮಾಡಿದೆ. ಚೀಲದಿಂದ ನನ್ನ ಎರಡನೇ ಹಾಳೆಯನ್ನು, ಆ ಸುಳ್ಳು ಹಾಳೆಯನ್ನು ತೆಗೆದು ಕಲ್ಲಿನ ಮೇಲೆ ಹಾಸಿದೆ. ಇದು ಅಳೆದು ಎಳೆದ ನಕ್ಷೆ, ಇವು ನೀರಿನ ದಾರಿ, ನಿಮ್ಮ ಜೋಪಡಿಗಳು ಇಲ್ಲಿ ಎಂದು ಬೆರಳಿಟ್ಟು ತೋರಿಸಿದೆ. ಗಂಡಸರು ಇಸ್ಪೀಟು ಬಿಟ್ಟು ಬಂದು ಸುತ್ತ ನಿಂತರು. ಇಪ್ಪತ್ತು ವರ್ಷ ಸೈಟುಗಳಲ್ಲಿ ದುಡಿದ ಜನ, ಓದು ಬರದಿದ್ದರೂ ನಕ್ಷೆ ಎಂದರೆ ಏನು ಎಂದು ಗೊತ್ತಿತ್ತು. ನಕ್ಷೆಯಲ್ಲಿ ಇದೆ ಎಂದರೆ ಇದೆ. ಅದಕ್ಕೇ ಅದನ್ನು ತಂದಿದ್ದೆ ನಾನು.

ಆದರೆ ಶಾಂತವ್ವ ಸುಮ್ಮನೆ ಬಿಡುವವಳಲ್ಲ. ನನ್ನ ಹಿಂದೆ ನಿಂತಿದ್ದ ಬಸಣ್ಣನನ್ನು ಗುರುತಿಸಿದಳು.

“ಅಣ್ಣಾ, ಆವತ್ತ ಮೂರು ಕಾಲಿನ ದುರ್ಬೀನ ಇಟ್ಟು ನೋಡ್ದಾಂವ ನೀನ ಅಲ್ಲ? ನೀ ಅಳದಾಗ ಇಲ್ಲಿ ಸಪಾಟ ಅದ ಅಂದಿ. ಈ ಬಾಯಿ ಹಳ್ಳ ಅದ ಅಂತಾಳ. ಯಾರ್ದು ಖರೇ?”

ಬಸಣ್ಣ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಒಬ್ಬ ಸರ್ವೆಯವನಿಗೆ ಅವನ ಪುಸ್ತಕ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಅವನು ಸತ್ಯ ಹೇಳಿದರೆ ನಾನು ಬೇಲಾಪುರದ ಬಸ್ಸು ಹಿಡಿದು ಬಾಯಿ ಮುಚ್ಚಿಕೊಂಡು ವಾಪಸು ಹೋಗಬೇಕಾಗಿತ್ತು. ಒಳಗೆ ಕೂಸು ಅತ್ತಿತು. ಬಸಣ್ಣ ಕರವಸ್ತ್ರದಿಂದ ಮುಖ ಒರೆಸಿಕೊಂಡ.

“ವೈನೀದು ಖರೇ. ನಾನ ಅಳತಿ ತಪ್ಪೀನಿ,” ಎಂದ.

ಅವರು ಸಂಜೆಯೊಳಗೆ ಜೋಪಡಿ ಬಿಚ್ಚತೊಡಗಿದರು. ವಾಪಸು ಠಾಣೆಯಲ್ಲಿ ಬಸ್ಸಿಳಿದಾಗ ಬಸಣ್ಣ, “ಮಳಿ ಆಗಿ ಏನೂ ಆಗಲಿಲ್ಲಂದ್ರ ನಾ ನಿಮ್ಮನ್ನ ಬಿಡಂಗಿಲ್ಲ ವೈನಿ,” ಎಂದ. ನಗಲಿಲ್ಲ.

ಮಳೆ ಬರಲಿಲ್ಲ. ಆ ವರ್ಷ ಜೂನ್ ಹತ್ತಾಯಿತು, ಹದಿನೈದಾಯಿತು, ಆಕಾಶ ತೊಳೆದಿಟ್ಟಂತೆ ಇತ್ತು. ನಾನು ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯಿಂದ ಪಾರಸಿಕ ಗುಡ್ಡದ ಮೇಲಿನ ಮೋಡ ಹುಡುಕುತ್ತ ಹೋಗುತ್ತಿದ್ದೆ. ಅಲ್ಲಿ ದಿಬ್ಬದ ಮೇಲಿನ ಜನ ದಿನಾ ಎರಡು ಫರ್ಲಾಂಗು ಕೆಳಗಿಳಿದು ಕೊಡ ಹೊತ್ತು ತರುತ್ತಿದ್ದರು. ಗೂಟ ನಿಲ್ಲದೆ ಕಲ್ಲು ಹೇರಿ ತಾಡಪತ್ರಿ ನಿಲ್ಲಿಸಿದ್ದರು. ಗಾಳಿಗೆ ಎರಡು ಸಲ ಹಾರಿಹೋಯಿತಂತೆ. ಶಾಂತವ್ವ ನನಗೆ ಕಳಿಸಿದ ಬೈಗುಳಗಳನ್ನು ಟ್ರಕ್ಕಿನವರು ಬಸಣ್ಣನಿಗೆ, ಬಸಣ್ಣ ನನಗೆ ತಲುಪಿಸುತ್ತಿದ್ದ. ಒಂದಿಷ್ಟನ್ನು ನಾನು ಇಲ್ಲಿ ಬರೆಯುವಂತಿಲ್ಲ, ಮೊಮ್ಮಗಳು ಓದುತ್ತಾಳೆ. ಬಾಣಂತಿಗೆ ಬಿಸಿಲಿಗೆ ಜ್ವರ ಬಂದಿದೆ ಎಂದು ಕೇಳಿದ ದಿನ ಮಾತ್ರ ನನಗೆ ಅನ್ನ ಇಳಿಯಲಿಲ್ಲ. ನನ್ನ ಕೈಯ ಹುಚ್ಚಿಗೆ ಒಂದು ಹಸಿ ಬಾಣಂತಿಯನ್ನು ಕಲ್ಲಿನ ಮೇಲೆ ಮಲಗಿಸಿದ್ದೆ.

ಮುಕಾದಮ ಸುಮ್ಮನಿರುತ್ತಾನೆಯೇ. ನಿಮ್ಮ ಸರ್ವೆಯವನೇ ಅಳತೆ ತಪ್ಪು ಎಂದು ಒಪ್ಪಿಕೊಂಡಿದ್ದಾನೆ ಎಂದು ಆಫೀಸಿಗೆ ಬಂದು ಕೂಗಾಡಿದ. ಸಾಹೇಬರು ಬಸಣ್ಣನನ್ನು ಕರೆದುಕೊಂಡು ತಾವೇ ಹೋಗಿ ಮತ್ತೆ ಅಳೆದರು. ಪ್ರತಿ ಅಂಕಿಯೂ ಸರಿಯಿತ್ತು. ವಾಪಸು ಬಂದು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು. ಸುಳ್ಳು ಹಾಳೆಯ ವಿಷಯ ನಾನು ಹೇಳಿದೆ. ಪೂರ್ತಿ ಹೇಳಿದೆ, ಮೂರು ಹಾಳೆ, ಗಾಜಿನ ಮೇಜು, ಎಲ್ಲ. ಅವರು ಅಳತೆ ಪುಸ್ತಕ ಮುಚ್ಚಿ ಬದಿಗಿಟ್ಟರು. ಆಮೇಲೆ ನನಗೆ ಏನೂ ಅನ್ನದೆ ಬಸಣ್ಣನಿಗೆ ಹೇಳಿದರು, ಸರಿಯಾದ ಅಳತೆಯನ್ನು ತಪ್ಪು ಎಂದ ಸರ್ವೆಯವನು ತನಗೆ ಬೇಡ, ತಿಂಗಳ ಕೊನೆಯವರೆಗೆ ಬಂದರೆ ಸಾಕು ಎಂದು. ಬಸಣ್ಣ ತಲೆಯಾಡಿಸಿದ. ತಪ್ಪು ನನ್ನದು ಸಾಹೇಬ್ ಎಂದು ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಅವನ ಹೆಂಡತಿಯ ಮುಖ ಕಣ್ಣಿಗೆ ಬಂತು. ಅಲ್ಲಿಂದ ಮಳೆ ಹಿಡಿಯುವವರೆಗಿನ ಮೂರು ದಿನ ನಾನು ಬೇಡಿಕೊಂಡದ್ದು ಏನು ಗೊತ್ತೇ? ಹಳ್ಳ ಬರಲಿ ಎಂದು. ಅಂಥದ್ದನ್ನೂ ಒಬ್ಬಳು ಬೇಡಿಕೊಳ್ಳಬಹುದು.

ಮಳೆ ಶನಿವಾರ ಬೆಳಿಗ್ಗೆ ಹಿಡಿಯಿತು. ಹತ್ತು ಗಂಟೆಗೆಲ್ಲ ಠಾಣೆಯ ಹಳಿಗಳ ಮೇಲೆ ನೀರು. ಆ ಮಳೆಯನ್ನು ಕಂಡವರಿಗೆ ವಿವರಿಸಬೇಕಿಲ್ಲ. ಭಾನುವಾರವೂ ನಿಲ್ಲಲಿಲ್ಲ. ಸೋಮವಾರ ನಾನು ಆಫೀಸಿಗೆ ಹೋಗಿ ಅರ್ಧ ಗಂಟೆಯಾದ ಮೇಲೆ ಬಸಣ್ಣ ಬಂದ. ಮೊಳಕಾಲಿನವರೆಗೆ ಕೆಂಪು ಕೆಸರು. ಬೆಳಗಿನ ಮೊದಲ ಬಸ್ಸಿಗೇ ಹೋಗಿ ಬಂದಿದ್ದ. ಚಪ್ಪಲಿ ಬಾಗಿಲಲ್ಲಿ ಬಿಟ್ಟ, ನನ್ನ ಮೇಜಿಗೆ ಬಂದ, ಎದುರಿನ ಸ್ಟೂಲಿನ ಮೇಲೆ ಕೂತುಬಿಟ್ಟ.

“ಜೋಪಡಿ?” ಎಂದೆ.

“ಎಲ್ಲಾರೂ ದಿಬ್ಬದ ಮ್ಯಾಲ ಅದಾರ. ಕೂಸೂ ಆರಾಮ ಐತಿ.” ಕಾಲಿನ ಕೆಸರು ಕೆರೆಯುತ್ತ, “ಕೆಳಗ ನೆಲಾನ ಇಲ್ರಿ ವೈನಿ,” ಎಂದ.

ಮಧ್ಯಾಹ್ನ ಸಾಹೇಬರೂ ನಾವೂ ಜೀಪಿನಲ್ಲಿ ಹೋದೆವು. ನಾನು ಬರಿಗಾಲಲ್ಲಿ ನಿಂತಿದ್ದ ಜಾಗದಲ್ಲಿ ಎರಡಾಳು ಆಳದ ಹಳ್ಳ ಹರಿಯುತ್ತಿತ್ತು. ಗುಡ್ಡದ ಮೇಲಿನಿಂದ ಬುಡದವರೆಗೆ ಮುರುಮನ್ನೆಲ್ಲ ಕೊಚ್ಚಿ ಒಯ್ದಿತ್ತು. ಬದಿಯ ಮಣ್ಣು ನಮ್ಮ ಕಣ್ಣೆದುರಿಗೇ ದೊಪ್ಪನೆ ಬೀಳುತ್ತಿತ್ತು. ತಳದಲ್ಲಿ ನೀರು ಉಜ್ಜಿ ಉಜ್ಜಿ ನುಣುಪಾದ ಕಲ್ಲುಗಳು ಕಂಡವು. ಹೊಸ ಹಳ್ಳದಲ್ಲಿ ಅಂಥ ಕಲ್ಲು ಇರುವುದಿಲ್ಲ. ವಿಚಾರಿಸಿದಾಗ ಒಬ್ಬ ಟ್ರಕ್ಕಿನವನು ಹೇಳಿದ: ಹಿಂದಿನ ದೀಪಾವಳಿಯಿಂದ ಖಾಣಿಯ ಕಸ, ಪುಡಿಗಲ್ಲು ಎಲ್ಲ ಆ ಹಳ್ಳಕ್ಕೇ ಸುರಿದು, ಮೇಲೆ ಮುರುಮು ಹಾಕಿ ರೋಲರ್ ಓಡಿಸಿದ್ದರಂತೆ. ಬಸಣ್ಣ ಅಳೆದದ್ದು ಮೇಲಿನ ನೆಲ. ಅವನ ಪುಸ್ತಕ ಸರಿಯಾಗಿಯೇ ಇತ್ತು. ನನ್ನ ಕೈ ಎಳೆದದ್ದು ಕೆಳಗಿನದನ್ನು.

ಸಾಹೇಬರು ಕೊಡೆ ಹಿಡಿದು ದಂಡೆಯುದ್ದಕ್ಕೂ ನಡೆದು ನೋಡಿದರು. ಜೀಪು ಹತ್ತುವಾಗ ಬಸಣ್ಣನಿಗೆ, “ನಾಳೆ ಬಾ, ಇದನ್ನು ಅಳೆಯಬೇಕು,” ಎಂದರು. ಕೆಲಸ ಉಳಿಯಿತು.

ಅವನು ಮತ್ತೆ ಅಳೆದು ತಂದ. ಈ ಸಲ ಪುಸ್ತಕದಲ್ಲಿ ಹಳ್ಳ ಇತ್ತು. ನಾನು ಎಳೆದೆ. ಹಾಳೆ ಮುಗಿದ ಮೇಲೆ ಬಸಣ್ಣ ಅದನ್ನು ಗಾಜಿನ ಮೇಜಿನ ಮೇಲಿಟ್ಟು, ಅದರ ಮೇಲೆ ನನ್ನ ಹಳೆಯ ಹಾಳೆ ಇಟ್ಟು, ದೀಪ ಹಾಕಿ ಬಗ್ಗಿದ. ನಾನು ಹತ್ತಿರ ಹೋಗಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ. ಅವನು ಎಷ್ಟೋ ಹೊತ್ತು ನೋಡಿದ. ಆಮೇಲೆ ದೀಪ ಆರಿಸಿ, ಹಳೆಯ ಹಾಳೆಯನ್ನು ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡು, “ಚಾ ಕುಡಿಯೂಣು ನಡೀರಿ ವೈನಿ,” ಎಂದ. ಏನು ಕಂಡಿ ಎಂದು ನಾನು ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಕೇಳಿದೆ. ಮರತೀನಿ ಎಂದ. ಅವನು ಮರೆಯುವ ಪೈಕಿ ಅಲ್ಲ.

ನನಗೆ ವಿವರಣೆ ಕೊಟ್ಟವರಿಗೆ ಕೊರತೆಯಿಲ್ಲ. ಗೂಟ ಸಲೀಸಾಗಿ ಇಳಿದದ್ದನ್ನು ನೋಡಿ ತಿಳಿದಿರಬೇಕು ಎಂದರು, ಆದರೆ ಗೂಟದ ಸುದ್ದಿ ಕೇಳುವ ಮೊದಲೇ ನಾನು ಎಳೆದಾಗಿತ್ತು. ಮೇಲಿನ ಗುಡ್ಡದ ಗೆರೆಗಳ ಓರೆ ನೋಡಿ ಅನುಭವಸ್ಥ ಕೈ ಊಹಿಸಿರಬೇಕು ಎಂದು ಸಾಹೇಬರು ಅಂದರು. ಅದು ಒಪ್ಪುವಂಥ ಮಾತು. ಆದರೆ ಊಹೆ ಮೂರು ಸಲವೂ ಒಂದೇ ಕೂದಲೆಳೆಯ ಮೇಲೆ ಕೂರುತ್ತದೆಯೇ? ಆಮೇಲೆ ನಾನು ಬೇಕೆಂದೇ ಎಷ್ಟು ಪ್ರಯತ್ನಪಟ್ಟೆ ಗೊತ್ತೇ? ಕಣ್ಣು ಮುಚ್ಚಿ ಎಳೆದೆ, ಎಡಗೈಯಲ್ಲಿ ಎಳೆದೆ, ಉಪವಾಸ ಮಾಡಿ ಎಳೆದೆ. ನಿವೃತ್ತಿಯಾಗುವವರೆಗೆ ನೂರಾರು ಹಾಳೆ ಎಳೆದಿದ್ದೇನೆ. ಗೆರೆ ಚುಕ್ಕೆಯಿಂದ ಚುಕ್ಕೆಗೆ ಹೋಯಿತು, ಅಷ್ಟೇ. ಮತ್ತೆಂದೂ ತಿರುಗಲಿಲ್ಲ.

ಕಷ್ಟಕ್ಕೆ ಬಂದದ್ದು ಅಲ್ಲಿಯೇ. ನಮ್ಮ ಜನರ ನಡುವೆ ಸುದ್ದಿ ಎಷ್ಟು ಬೇಗ ಓಡುತ್ತದೆ ಎಂದು ನಿಮಗೆ ಗೊತ್ತು. ಮರುವರ್ಷ ಮೇ ಕೊನೆಗೆ ಶಾಂತವ್ವ ವಿಳಾಸ ಹುಡುಕಿಕೊಂಡು ಡೊಂಬಿವಲಿಯ ಮನೆಗೇ ಬಂದಳು. ಜೊತೆಗೆ ಇನ್ನೂ ನಾಲ್ಕು ಹೆಂಗಸರು. ಅವರ ಹೊಸ ಸೈಟು ಘೋಡಬಂದರ್ ರಸ್ತೆಯ ಕಡೆ. ಬೈದದ್ದಕ್ಕೆ ಕ್ಷಮೆ ಕೇಳಿ, ಶೇಂಗಾ ಹೋಳಿಗೆ ಕೊಟ್ಟು, “ಬಾಯಿ, ನಿಮಗ ಹ್ಯಾಂಗ ಗೊತ್ತಾತು ಆವತ್ತು?” ಎಂದಳು.

ನಿಜ ಹೇಳಬಹುದಿತ್ತು. “ಅಳತ್ಯಾಗ ಇತ್ತವ್ವ,” ಎಂದೆ.

“ಹಂಗಾದ್ರ ನಮ್ಮ ಜಾಗಾನೂ ಒಂದೀಟು ನೋಡ್ರಿ. ನೀವು ಹೂಂ ಅಂದ್ರ ಗುಡಿಸಲ ಹಾಕ್ತೀವಿ. ಇಲ್ಲಾಂದ್ರ ಇಲ್ಲ.”

ಹೋಗದೆ ಇರುವುದು ಹೇಗೆ? ಭಾನುವಾರ ಹೋದೆ. ಗುಡ್ಡದ ಬುಡ, ಕೆಂಪು ನೆಲ, ಬಿದಿರು, ತಾಡಪತ್ರಿ ಎಲ್ಲ ಸಿದ್ಧ ಇಟ್ಟುಕೊಂಡು ಹದಿನೈದಿಪ್ಪತ್ತು ಜನ ನನ್ನ ಬಾಯಿ ನೋಡುತ್ತ ನಿಂತಿದ್ದರು. ಆ ಕೂಸು ಆಗ ಗೋಡೆ ಹಿಡಿದು ನಿಲ್ಲುವಷ್ಟಾಗಿತ್ತು, ಇಲ್ಲಿ ಗೋಡೆಯಿಲ್ಲದ್ದಕ್ಕೆ ನನ್ನ ಸೀರೆ ಹಿಡಿದು ನಿಂತಿತು. ನಾನು ನೆಲ ನೋಡಿದೆ, ಗುಡ್ಡ ನೋಡಿದೆ, ನೀರು ಎಲ್ಲಿ ಇಳಿಯಬಹುದು ಎಂದು ಎಲ್ಲರಂತೆ ಅಂದಾಜು ಮಾಡಿದೆ. ಬಲಗೈಯನ್ನು ಸೆರಗಿನೊಳಗೆ ಮುಷ್ಟಿ ಹಿಡಿದು ಕಾದೆ. ಅದು ಏನೂ ಹೇಳಲಿಲ್ಲ.

“ಹೇಳ್ರಿ ಬಾಯಿ, ಇಲ್ಲಿ ಹಾಕ್ಲೇನು?”

ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ಬೆರಳು ತೋರಿಸಿ, “ಇಲ್ಲಿ ಹಾಕ್ಕೋರಿ,” ಎಂದೆ. ಅವರು ಮರು ಪ್ರಶ್ನೆ ಕೇಳದೆ ಅಗೆಯಲು ಶುರು ಮಾಡಿದರು. ಆ ಮಳೆಗಾಲವೆಲ್ಲ ಪ್ರತಿ ಜೋರು ಮಳೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಏನೂ ಆಗಲಿಲ್ಲ. ಅದರ ಮುಂದಿನ ವರ್ಷ ಇನ್ನೊಂದು ಜಾಗ ನೋಡಿ ಹೇಳಿರಿ ಎಂದು ಅವರು ಮತ್ತೆ ಬಂದರು.